ಒಂದೇ ಟಪಾಲಿನ ಎರಡು ಕಾಗದ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ನಾನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬೈಯುವುದಕ್ಕೆ ಕಷ್ಟವಾಗುತ್ತದೆ. ಮುನಿಕೃಷ್ಣಪ್ಪ. ಮುಳಬಾಗಿಲಿನಲ್ಲಿ ಬಸ್ಸು ನಿಲ್ಲುವ ಕಡೆ, ನಂಗಲಿ ರಸ್ತೆಗೆ ಮುಖಮಾಡಿ ಅವರ ಗೋಲಿ ಸೋಡಾ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನಾನು ಅವರ ಹೆಂಡತಿ ಶಾಮಲಮ್ಮ. ಓದಿದ್ದು ಲೋಯರ್ ಸೆಕೆಂಡರಿ. ಮದುವೆಯಾದ ಮೇಲೆ ಕೋಲಾರದ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಒಂದು ವರ್ಷ ಉಪಾಧ್ಯಾಯಿನಿಯರ ತರಬೇತಿಯನ್ನೂ ಮುಗಿಸಿದೆ. ಆ ಒಂದು ವರ್ಷ ಅತ್ತೆ ಮುತ್ಯಾಲಮ್ಮ ಮಗನಿಗೆ ಮುದ್ದೆ ತಿರುವಿ ಹಾಕುತ್ತಾ ಬೀದಿಗೆಲ್ಲ ಕೇಳುವ ಹಾಗೆ ನನ್ನನ್ನು ಬೈದರು. ಅವರು ಬೈದದ್ದು ತಪ್ಪು ಅಂತ ಹೇಳುವುದಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಚೆನ್ನಾಗಿ ಬೈಯುತ್ತಿದ್ದೆ.

ಇದು ಮೂವತ್ತೇಳನೇ ಇಸವಿಯ ಮಾತು. ಕೋಲಾರದ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯ ಒಂದು ಜಾಗ ಖಾಲಿಯಾಗಿತ್ತು. ನನಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತು ಅಂದರೆ, ರಾತ್ರಿ ಕಣ್ಣು ಮುಚ್ಚಿದರೆ ಹಲಗೆ, ಕಣ್ಣು ಬಿಟ್ಟರೆ ಹಲಗೆ. ಮನೆಯ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಮಗ್ಗಿ ಬರೆದು ಬರೆದು ಗೋಡೆಗೆ ಸುಣ್ಣ ಬಳಿದವರು ಕಣ್ಣೀರು ಹಾಕುವಂತೆ ಮಾಡಿದ್ದೆ. ಅರ್ಜಿ ಹಾಕಿದೆ, ಸೋಮವಾರ ಇಂಟರ್‌ವ್ಯೂಗೆ ಬರಬೇಕು ಅಂತ ಕಾಗದ ಬಂತು. ಇವರೂ ಅಂಗಡಿ ಮುಚ್ಚಿ ನನ್ನ ಜೊತೆ ಬಂದರು.

ಶಾಲೆಯ ಜಗಲಿಯಲ್ಲಿ ನನ್ನ ಹಾಗೆ ಇನ್ನೂ ಮೂವರಿದ್ದರು. ಮಾಲೂರಿನಿಂದ ರೈಲಿನಲ್ಲಿ ಬಂದಿದ್ದ ಹುಡುಗಿಯ ಪರವಾಗಿ ಮಾತೆಲ್ಲ ಅವಳ ತಂದೆಯೇ ಆಡುತ್ತಿದ್ದರು. ಇದನ್ನು ನೋಡಿ ನನಗೆ ಧೈರ್ಯ ಬಂತು. ಒಳಗೆ ಕಮಿಟಿಯ ಇಬ್ಬರು ಗಂಡಸರು, ಅವರ ನಡುವೆ ಹೆಡ್‌ಮಿಸ್ಟ್ರೆಸ್ ಅಕ್ಕಯಮ್ಮನವರು. ಬರಿ ಹಣೆ, ಬಿಳಿ ಸೀರೆ, ನೋಡುವ ನೋಟ ಮಾತ್ರ ಸೂಜಿ. ಗಂಡಸರು ಸುಮ್ಮನೆ ಕೂತಿದ್ದರು. ಶಾಲೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದು ಬಾಗಿಲಲ್ಲೇ ತಿಳಿಯಿತು. ಎರಡನೇ ತರಗತಿಯ ಒಬ್ಬ ಹುಡುಗಿಯನ್ನು ಕರೆಸಿ, ಇವಳಿಗೆ ಕಳೆಯುವ ಲೆಕ್ಕ ಹೇಳಿಕೊಡು ಅಂದರು. ಹೇಳಿಕೊಟ್ಟೆ. ಚೆನ್ನಾಗಿಯೇ ಹೇಳಿಕೊಟ್ಟೆ. ಆಮೇಲೆ ಅಕ್ಕಯಮ್ಮನವರು ಮೇಜಿನ ಮೇಲಿನ ನನ್ನ ಅರ್ಜಿಯನ್ನು ಪಕ್ಕಕ್ಕೆ ಸರಿಸಿ ಕೇಳಿದರು.

"ನಿನ್ನ ಗಂಡ ಇರೋದು ಮುಳಬಾಗಿಲಲ್ಲಿ, ಶಾಲೆ ಇರೋದು ಇಲ್ಲಿ. ನಾಲ್ಕು ತಿಂಗಳಾದ ಮೇಲೆ ಅವರು ಬಾ ಅಂತಾರೆ, ನೀನು ಹೊರಟುಬಿಡ್ತೀಯ. ಹಿಂದೆ ಇಬ್ಬರು ಹಂಗೇ ಹೋದರು. ನೀನು ಹೋಗಲ್ಲ ಅಂತ ನಾನು ಯಾವುದರ ಮೇಲೆ ನಂಬಲಿ?"

ಬಾಯಿ ಜೋರು ಅಂತ ಮುಳಬಾಗಿಲಿನಲ್ಲೆಲ್ಲ ಹೆಸರಾದ ನಾನು ಆ ಹೊತ್ತಿನಲ್ಲಿ ಉಸಿರೆತ್ತಲಿಲ್ಲ. ಯಾಕೆಂದರೆ ಆ ಮಾತನ್ನು ನಾನೂ ನನ್ನ ಗಂಡನೂ ಒಂದು ದಿನವೂ ಆಡಿರಲಿಲ್ಲ. ಕೆಲಸ ಸಿಗಲಿ, ಸಿಗಲಿ ಅಂತ ಇಬ್ಬರೂ ಹಾರೈಸುತ್ತಿದ್ದೆವು. ಸಿಕ್ಕಿದ ಮೇಲೆ ಯಾರು ಎಲ್ಲಿರುವುದು ಅನ್ನುವ ಮಾತು ಬಂದರೆ ಇಬ್ಬರೂ ಒಲೆಯ ಮೇಲಿನ ಹಾಲು ನೋಡುವುದಕ್ಕೆ ಏಳುತ್ತಿದ್ದೆವು. ಭಾನುವಾರ ಕಮಿಟಿ ಕೂರುತ್ತದೆ, ಆಮೇಲೆ ತಿಳಿಸುತ್ತೇವೆ ಅಂದರು. ಮಾಲೂರಿನ ಹುಡುಗಿ ನನ್ನ ನಂತರ ಒಳಗೆ ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಎರಡು ಸಲ ಹೇಗಾಯಿತು ಅಂತ ಕೇಳಿ, ನನ್ನ ಮುಖ ನೋಡಿ ಸುಮ್ಮನಾದರು. ಮುಳಬಾಗಿಲಿನ ಬೆಟ್ಟ ಕಾಣಿಸುವ ಹೊತ್ತಿಗೆ ಆ ಪ್ರಶ್ನೆಗೆ ಉತ್ತರ ನನ್ನ ತಲೆಯಲ್ಲಿ ತಾನೇ ತಾನಾಗಿ ಬಂದು ಕೂತಿತು. ಈ ಉತ್ತರ ಎರಡು ಗಂಟೆ ಮೊದಲೇ ಬರಬಾರದಿತ್ತೆ ಅಂತ ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಇನ್ನೊಂದು ಯೋಚನೆ ಹೊಳೆಯಿತು. ಭಾನುವಾರಕ್ಕೆ ಇನ್ನೂ ಆರು ದಿನ ಇದೆ. ಬಾಯಲ್ಲಿ ಹೇಳದಿದ್ದರೇನು, ಬರೆದು ಕಳಿಸಬಹುದಲ್ಲ. ಕೆಲಸಕ್ಕೆ ಅರ್ಜಿ ಹಾಕುವುದನ್ನು ಕೇಳಿದ್ದೆ; ಇಂಟರ್‌ವ್ಯೂ ಮುಗಿದ ಮೇಲೆ ಯಾರಾದರೂ ಕಾಗದ ಬರೆದದ್ದನ್ನು ಕೇಳಿರಲಿಲ್ಲ. ಕೇಳಿಲ್ಲ ಅಂದರೆ ಬರೆಯಬಾರದು ಅಂತ ಎಲ್ಲೂ ಬರೆದಿಲ್ಲ. ಬಸ್ಸಿನಿಂದ ಇಳಿಯುವಾಗ ನನ್ನ ಕೈಕಾಲು ಕುಣಿಯುತ್ತಿದ್ದವು.

ಯಾರಿಗೂ ಹೇಳಲಿಲ್ಲ. ಫಲಿಸದೆ ಹೋದರೆ ನಗುವವರು ಕಡಿಮೆಯಾಗಲಿ ಅಂತ.

ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಬೇರೆಯೇ ಒಂದು ರಾದ್ಧಾಂತ. ಇವರು ಅಂಗಡಿ ಮುಂದೆ ಕೂತು ಬಾಟಲಿ ತೊಳೆಯುತ್ತಿದ್ದಾಗ ಒಂದು ಕಾಗೆ ಹಾರಿ ಬಂದು ನೆತ್ತಿಗೆ ಬಡಿದುಹೋಯಿತು. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತು ಅಂತ ಲೆಕ್ಕ. ಅದಕ್ಕೆ ಪರಿಹಾರವೂ ಇದೆ. ಮುಟ್ಟಿಸಿಕೊಂಡವರು ಸತ್ತುಹೋದರು ಅಂತ ಬೇಕಾದವರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜ ಅಂತ ನಂಬಿ ಅಳಬೇಕು. ಅತ್ತ ಮೇಲೆ, ಇಲ್ಲ ಬದುಕಿದ್ದಾರೆ, ಕಾಗೆ ಮುಟ್ಟಿತ್ತು ಅಂತ ಹೇಳಬೇಕು. ಆ ಅಳುವಿನಲ್ಲಿ ದೋಷ ಕಳೆದುಹೋಗುತ್ತದೆ. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು. ಇಂಥ ಸುದ್ದಿ ಕಳಿಸಲು ಇದ್ದವಳು ಒಬ್ಬಳೇ ಮಗಳು, ರಾಯಲ್ಪಾಡಿನ ಮುನಿಶಾಮಮ್ಮ. ಅವಳಿಗೆ ಏಳು ತಿಂಗಳು. ತುಂಬಿದ ಬಸುರಿಗೆ ಅಣ್ಣ ಸತ್ತ ಅಂತ ಹೇಳಿಕಳಿಸುವುದು ಹೇಗೆ? ಬೇರೆ ಯಾರು ಅಳುತ್ತಾರೆ, ಯಾರು ನಗುತ್ತಾರೆ ಅಂತ ತಾಯಿ ಮಗ ಇಬ್ಬರೂ ಒಂದು ತಾಸು ಲೆಕ್ಕ ಹಾಕಿದರು. ಕೊನೆಗೆ ಇವರು, ಅಳೋರನ್ನ ನಾನು ಹುಡುಕ್ತೀನಿ ಬಿಡಮ್ಮ ಅಂದರು. ನಂಗಲಿಯ ಸ್ನೇಹಿತರಲ್ಲಿ ಯಾರಿಗಾದರೂ ಹೇಳಿಕಳಿಸುತ್ತಾರೆ ಅಂದುಕೊಂಡು ನಾನು ನನ್ನ ಕಾಗದದ ಯೋಚನೆಗೆ ಹೋದೆ. ಅದೇ ನನ್ನ ತಪ್ಪು.

ಬುಧವಾರ ಅಡುಗೆಮನೆಯಲ್ಲಿ ಕೂತು ಬರೆಯಲು ಶುರುಮಾಡಿದೆ. ಮೊದಲನೆಯದು ನಾವೆಲ್ಲ ಕಲಿತ ರೀತಿಯಲ್ಲೇ ಹೊರಟಿತು. ಮಹನೀಯರಾದ ತಮ್ಮ ದಿವ್ಯ ಪಾದಾರವಿಂದಗಳಿಗೆ, ಬಡವಳಾದ ನಾನು, ಕೃಪಾಕಟಾಕ್ಷ. ನಾಲ್ಕು ಸಾಲಿಗೆ ಮೂರು ಸಲ ಪಾದ ಬಂತು. ಓದಿ ನೋಡಿದರೆ ನನಗೇ ಅಸಹ್ಯವಾಯಿತು. ಸೂಜಿಯಂತೆ ನೋಡುವ ಆ ಹೆಂಗಸಿಗೆ ಇದರಿಂದ ಏನು ತಿಳಿಯುತ್ತದೆ? ಒಲೆಗೆ ಹಾಕಿದೆ. ಎರಡನೆಯದರಲ್ಲಿ ನನ್ನ ಬುದ್ಧಿ ಹೊರಗೆ ಬಂತು. ಗಂಡಸರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಂಡತಿ ಕರೆದರೆ ಹೋಗುತ್ತೀಯಾ ಅಂತ ಕೇಳುತ್ತೀರಾ ಅಂತ ಬರೆದೆ. ಬರೆಯುವಾಗ ಬಹಳ ಖುಷಿಯಾಯಿತು. ಎರಡು ಸಲ ಓದಿಕೊಂಡು, ಇದನ್ನು ಕಳಿಸಿದರೆ ಮಾಲೂರಿನವಳಿಗೆ ಕೆಲಸ ಗ್ಯಾರಂಟಿ ಅನ್ನಿಸಿ ಅದನ್ನೂ ಒಲೆಗೆ ಹಾಕಿದೆ. ಅವತ್ತು ಸಾರು ಕುದಿದದ್ದು ನನ್ನ ಕಾಗದಗಳಿಂದಲೇ.

ಮೂರನೆಯದನ್ನು ಬರೆಯುವ ಮೊದಲು, ಆ ಹೆಂಗಸಿಗೆ ಬೇಕಾಗಿರುವುದು ಏನು ಅಂತ ಯೋಚಿಸಿದೆ. ನಾನು ಬಡವಳು ಅನ್ನುವುದು ಬೇಡ, ಜಾಣೆ ಅನ್ನುವುದೂ ಬೇಡ. ಶಾಲೆಯಲ್ಲಿ ಆ ಜಾಗ ಮತ್ತೆ ನಡುವಲ್ಲಿ ಖಾಲಿಯಾಗಬಾರದು, ಅಷ್ಟೆ. ಆಮೇಲೆ ಕೈ ಸರಾಗವಾಗಿ ಓಡಿತು. ಈಗಲೂ ಅದು ನನಗೆ ಬಾಯಿಪಾಠ.

"ತಾವು ಸೋಮವಾರ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ನನ್ನ ಯಜಮಾನರು ಬಾ ಎಂದರೆ ಹೊರಟುಹೋಗುವೆಯಾ ಎಂದು ಕೇಳಿದಿರಿ. ನಾನು ತರಬೇತಿಗಾಗಿ ಕೋಲಾರದಲ್ಲಿದ್ದ ಒಂದು ವರ್ಷ ಅವರು ಭಾನುವಾರ ಬಂದು ನೋಡಿ ಹೋಗುತ್ತಿದ್ದರು, ಒಂದು ದಿನವೂ ಬಾ ಎನ್ನಲಿಲ್ಲ. ಈಗಲೂ ಎನ್ನುವುದಿಲ್ಲ. ಊರಿನ ಮೊದಲ ಬಸ್ಸಿಗೆ ಹೊರಟರೆ ಶಾಲೆಯ ಗಂಟೆಗೆ ಮೊದಲೇ ಬಂದಿರುತ್ತೇನೆ. ಬಸ್ಸು ಕೆಟ್ಟ ಕಾಲಕ್ಕೆ ನನ್ನ ದೊಡ್ಡಮ್ಮನ ಮನೆ ಕೋಲಾರದಲ್ಲಿಯೇ ಇದೆ. ಇನ್ನೊಂದು ವಿಷಯ. ಅಂದು ತಾವು ಕರೆಸಿದ ಹುಡುಗಿ ನೂರರಿಂದ ಏಳು ಕಳೆಯುವಲ್ಲಿ ಎಡವುತ್ತಾಳೆ, ಸೊನ್ನೆ ಕಂಡರೆ ಹೆದರುತ್ತಾಳೆ. ಹುಣಿಸೆಬೀಜವನ್ನು ಹತ್ತು ಹತ್ತರ ಗುಂಪು ಮಾಡಿ ತೋರಿಸಿದರೆ ಎರಡು ದಿನದಲ್ಲಿ ಹೆದರಿಕೆ ಹೋಗುತ್ತದೆ. ನಾನು ಬಂದರೆ ಅಲ್ಲಿಂದ ಶುರುಮಾಡುತ್ತೇನೆ. ಬೇರೆಯವರು ಬಂದರೆ ಇದನ್ನು ದಯವಿಟ್ಟು ಅವರಿಗೆ ತಿಳಿಸಬೇಕು."

ಕೊನೆಯ ಸಾಲು ಬರೆದಾಗ ನನ್ನ ಮೈ ಜುಂ ಅಂದಿತು. ನಾನೇ ಹೆಡ್‌ಮಿಸ್ಟ್ರೆಸ್ ಆಗಿದ್ದರೆ ಈ ಕಾಗದ ಓದಿದ ಕ್ಷಣ ಗಾಡಿ ಕಳಿಸುತ್ತಿದ್ದೆ. "ಈಗಲೂ ಎನ್ನುವುದಿಲ್ಲ" ಅನ್ನುವ ಮಾತೊಂದು ಒಳಗೆ ಚುಚ್ಚುತ್ತಿತ್ತು, ಯಾಕೆಂದರೆ ಅದನ್ನು ಅವರನ್ನು ಕೇಳಿ ಬರೆದಿರಲಿಲ್ಲ. ಕೇಳಿದರೆ ಏನು ಹೇಳುತ್ತಾರೋ ಅನ್ನುವ ಭಯ. ಹೇಗೂ ಬುಧವಾರದ ತಾರೀಖು ಹಾಕಿ, ಕವರಿನೊಳಗೆ ಇಟ್ಟು, ಗುರುವಾರ ಬೆಳಿಗ್ಗೆ ನಾನೇ ಪೋಸ್ಟಾಫೀಸಿಗೆ ಹೋಗಿ ಡಬ್ಬಿಗೆ ಹಾಕಿ ಬಂದೆ. ಬರುವಾಗ ರಸ್ತೆಯಲ್ಲಿ ಕಂಡವರನ್ನೆಲ್ಲ ಮಾತಾಡಿಸಿದೆ, ಜಗಳವಾಡಿದವರನ್ನೂ.

ಶನಿವಾರ ಮಧ್ಯಾಹ್ನ. ಕೋಲಾರದ ಬಸ್ಸು ಬಂದು ನಿಂತ ಸದ್ದು ಕೇಳಿಸಿತು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಮುಂದೆ ನಡೆದದ್ದನ್ನು ಇವರು ಆಮೇಲೆ ಎಷ್ಟು ಸಲ ಹೇಳಿದ್ದಾರೆ ಅಂದರೆ ನಾನೇ ಕಣ್ಣಾರೆ ಕಂಡ ಹಾಗಿದೆ. ಬಿಳಿ ಸೀರೆಯ ಒಬ್ಬ ಹೆಂಗಸು ಬಸ್ಸಿನಿಂದ ಇಳಿದು, ಬಿಸಿಲಿಗೆ ಸೆರಗು ಮುಚ್ಚಿಕೊಂಡು, ಅಂಗಡಿಯ ಬೆಂಚಿನ ಮೇಲೆ ಕೂತರು. ಕಣ್ಣು ಕೆಂಪಾಗಿತ್ತು. ಇವರು ಕೇಳದೆಯೇ ಒಂದು ಸೋಡಾ ಒಡೆದು ಕೊಟ್ಟರು. ಅವರು ಅರ್ಧ ಕುಡಿದು, ಇಲ್ಲಿ ಮುನಿಕೃಷ್ಣಪ್ಪನವರ ಮನೆ ಯಾವುದು ಅಂತ ಕೇಳಿದರು. ಇದೇ ಅಂದರು ಇವರು.

"ಪಾಪ, ಏನಾಗಿತ್ತಪ್ಪ ಅವರಿಗೆ?"

"ಏನೂ ಆಗಿಲ್ವಲ್ಲ ಅಮ್ಮಾವ್ರೇ, ಚೆನ್ನಾಗೇ ಇದ್ದೀನಿ."

ಒಳಗಿದ್ದ ನನಗೆ ಕೇಳಿಸಿದ್ದು ಬಾಟಲಿ ಕೆಳಗೆ ಬಿದ್ದ ಸದ್ದು. ಓಡಿ ಬಂದೆ. ಅಕ್ಕಯಮ್ಮನವರು ಎದ್ದು ನಿಂತಿದ್ದಾರೆ, ಇವರು ಮುಖ ಬೆಳ್ಳಗೆ ಮಾಡಿಕೊಂಡು ನಿಂತಿದ್ದಾರೆ. ಅಷ್ಟರಲ್ಲಿ ಅತ್ತೆ ನನ್ನ ಹಿಂದೆಯೇ ಬಂದವರು, ಸಂದರ್ಭ ಏನು ಅಂತ ನಮಗಿಂತ ಮೊದಲೇ ಅರ್ಥಮಾಡಿಕೊಂಡು, ಅಕ್ಕಯಮ್ಮನವರ ಎರಡೂ ಕೈ ಹಿಡಿದುಕೊಂಡರು.

"ನೀವು ಅತ್ತಿರಾ ತಾಯಿ?"

ಅಕ್ಕಯಮ್ಮನವರು, ಹೂಂ, ಬಸ್ಸಿನಲ್ಲಿ ದಾರಿ ಪೂರ್ತಿ ಅತ್ತುಕೊಂಡೇ ಬಂದೆ ಅಂದರು. ಅತ್ತೆ ಆಕಾಶದ ಕಡೆ ಕೈ ಮುಗಿದು, ದೇವುಡಾ, ನನ್ನ ಮಗ ಬದುಕಿದ ಅಂದುಕೊಂಡು ತೆಂಗಿನಕಾಯಿ ತರಲು ಒಳಗೆ ಹೋದರು.

ಅಕ್ಕಯಮ್ಮನವರು ಚೀಲದಿಂದ ಎರಡು ಕಾಗದ ತೆಗೆದು ಬೆಂಚಿನ ಮೇಲೆ ಇಟ್ಟರು. ಒಂದು ನನ್ನದು. ಇನ್ನೊಂದರ ಅಕ್ಷರ ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವ ಗಂಗುಲಪ್ಪನವರದು. ಅವರ ಬಾಲ ಬಿಟ್ಟ ಅಕ್ಷರ ಇಡೀ ಊರಿಗೆ ಗೊತ್ತು. ಕೈಗೆ ತೆಗೆದುಕೊಂಡು ಓದಿದೆ. "ತಮ್ಮ ಸನ್ನಿಧಾನದಿಂದ ಹಿಂತಿರುಗಿದ ಅದೇ ಸೋಮವಾರದ ರಾತ್ರಿ ಹತ್ತೂವರೆ ಗಂಟೆಗೆ ನನ್ನ ಪ್ರಾಣಕಾಂತರು ದೈವಾಧೀನರಾದ ಕಾರಣ, ಅಬಲೆಯೂ ಅನಾಥೆಯೂ ಆದ ನನ್ನನ್ನು ಗಂಡನೆಂಬ ಯಾವ ಬಂಧನವೂ ಇಲ್ಲದವಳೆಂದು ತಿಳಿದು..." ಕೆಳಗೆ ನನ್ನ ಹೆಸರು. ಅದನ್ನೂ ಗಂಗುಲಪ್ಪನವರೇ ಬರೆದಿದ್ದರು.

ಈಗ ಬೈದೆ. "ಮುನಿಕೃಷ್ಣಪ್ಪಾ, ನಿನಗೆ ಬುದ್ಧಿ ಐತೇನಯ್ಯ?" ಅಂತ ನಡುಬೀದಿಯಲ್ಲಿ, ಬಸ್ಸಿನ ಜನರೆಲ್ಲ ಕೇಳುವ ಹಾಗೆ, ಗಂಡನನ್ನು ಹೆಸರು ಹಿಡಿದು ಏಕವಚನದಲ್ಲಿ ಬೈದ ಮೊದಲನೆಯ ಹೆಂಗಸು ಮುಳಬಾಗಿಲಿನಲ್ಲಿ ನಾನೇ ಇರಬೇಕು. ಇನ್ನೂ ಏನೇನೋ ಅಂದೆ. ಇವರು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡರು.

ನಡೆದದ್ದು ಇಷ್ಟು. ಸೋಮವಾರ ನನ್ನ ಬಾಡಿದ ಮುಖ ನೋಡಿ ಇವರು ಗುರುವಾರ ಗಂಗುಲಪ್ಪನವರ ಹತ್ತಿರ ಹೋಗಿ, ನನ್ನ ಹೆಂಡತಿಗೆ ಕೆಲಸ ಸಿಗುವ ಹಾಗೆ ಒಂದು ಕಾಗದ ಬರೀರಿ ಅಂದಿದ್ದಾರೆ. ಶಾಲೆಯವರು ಗಂಡ ಸತ್ತವರನ್ನೇ ಮೊದಲು ತೆಗೆದುಕೊಳ್ಳುತ್ತಾರೆ, ಗಂಡ ಇದ್ದವರ ಕಡೆ ನೋಡುವುದೂ ಇಲ್ಲ ಅಂದಿದ್ದಾರೆ ಗಂಗುಲಪ್ಪನವರು. ಇವರಿಗೆ ತಟ್ಟನೆ ಕಾಗೆಯ ಜ್ಞಾಪಕ ಬಂದಿದೆ. ಹೇಗೂ ಎಲ್ಲಾದರೂ ಸಾಯಲೇಬೇಕು, ಕೋಲಾರದವರ ಪಾಲಿಗೇ ಸತ್ತರೆ ಒಂದೇ ಸ್ಟಾಂಪಿನಲ್ಲಿ ಎರಡು ಕೆಲಸ. ಇಂಟರ್‌ವ್ಯೂನಲ್ಲಿ ನನ್ನ ಹಣೆಯ ಕುಂಕುಮ ಎಲ್ಲರೂ ನೋಡಿದ್ದಾರಲ್ಲ ಅನ್ನುವ ಸಂಶಯ ಬಂದಾಗ, ಗಂಗುಲಪ್ಪನವರು ಅದಕ್ಕೇನಂತೆ, ಅವತ್ತೇ ರಾತ್ರಿ ಹೋಗಿಬಿಡು ಅಂತ ವೇಳೆಯನ್ನೂ ಅವರೇ ಗೊತ್ತುಮಾಡಿದ್ದಾರೆ. ಆರ್ಡರು ಕೈಗೆ ಬಂದ ಮೇಲೆ ನಿಜ ಹೇಳಿದರಾಯಿತು, ದೋಷವೂ ಹೋಗಿರುತ್ತದೆ ಅಂತ ಇಬ್ಬರೂ ಒಪ್ಪಂದಕ್ಕೆ ಬಂದಿದ್ದಾರೆ. ನನ್ನ ಕಾಗದ ಬೆಳಿಗ್ಗೆ, ಇವರದು ಮಧ್ಯಾಹ್ನ. ಎರಡೂ ಒಂದೇ ಟಪಾಲಿನಲ್ಲಿ ಹೋಗಿವೆ.

ಇದನ್ನೆಲ್ಲ ಕೇಳುತ್ತಾ ಬೆಂಚಿನ ಸುತ್ತ ನಿಂತಿದ್ದವರು ನಗತೊಡಗಿದರು. ನನಗೂ ಅಷ್ಟು ಸಿಟ್ಟಿನ ನಡುವೆ ನಗು ಬಂತು. ಅಕ್ಕಯಮ್ಮನವರು ಮಾತ್ರ ನಗಲಿಲ್ಲ.

"ನಿನ್ನ ಕಾಗದವನ್ನ ಆಮೇಲೆ ಓದಿದೆ," ಅಂದರು ನನಗೆ. "ಗಂಡ ಸತ್ತ ಎರಡೇ ದಿನಕ್ಕೆ, ಅವನು ಇನ್ನೂ ಇದ್ದಾನೆ ಅನ್ನೋ ಹಂಗೆ ಬರೆದಿದ್ದಾಳೆ, ಬುದ್ಧಿ ಕದಡಿಹೋಗಿದೆ ಅಂದ್ಕೊಂಡೆ. ಅದಕ್ಕೇ ಬಂದೆ. ನನಗೆ ಹತ್ತೊಂಬತ್ತು ವರ್ಷ ಆಗಿದ್ದಾಗ ಇಂಥದೇ ಒಂದು ಕಾಗದವನ್ನ ನನ್ನ ಕೈಲಿ ಬರೆಸಿದರು. ಅದರಲ್ಲಿದ್ದದ್ದು ನಿಜ."

ನಗುತ್ತಿದ್ದವರು ಒಬ್ಬೊಬ್ಬರಾಗಿ ಬಸ್ಸಿನ ಕಡೆ ನಡೆದರು. ನನ್ನ ನಗು ಎಲ್ಲಿ ಹೋಯಿತೋ. ಇವರು ಕೈ ಮುಗಿದು, ತಪ್ಪಾಯ್ತು ಅಮ್ಮಾವ್ರೇ ಅಂದರು.

ಅಕ್ಕಯಮ್ಮನವರು ಎರಡೂ ಕಾಗದಗಳನ್ನು ಕೈಯಲ್ಲಿ ಹಿಡಿದು ಲೆಕ್ಕದ ಪಾಠ ಹೇಳುವವರ ಹಾಗೆ ಹೇಳಿದರು. ಒಂದೇ ಮನೆಯಿಂದ ಎರಡು ಕಾಗದ ಬಂದಿವೆ. ಒಂದು ಶುದ್ಧ ಸುಳ್ಳು ಅಂತ ಕಣ್ಣೆದುರಿಗೇ ಗೊತ್ತಾಯಿತು. ಇನ್ನೊಂದು ನಿಜ ಅಂತ ಹೇಗೆ ನಂಬುವುದು? ಅದರಲ್ಲೂ ಗಂಡನ ಪರವಾಗಿ ಹೆಂಡತಿ ಕೊಟ್ಟ ಮಾತಿದೆ, ಗಂಡ ಕೊಟ್ಟದ್ದಲ್ಲ. ಹೆಂಡತಿಯ ಹೆಸರಿನಲ್ಲಿ ಗಂಡ ಬರೆಸುತ್ತಾನೆ, ಗಂಡನ ಮನಸ್ಸನ್ನು ಹೆಂಡತಿ ಬರೆಯುತ್ತಾಳೆ, ಇಬ್ಬರೂ ಕೂತು ಮಾತಾಡಿದ ಹಾಗೆ ಕಾಣುವುದಿಲ್ಲ. ನಾಳೆ ಕಮಿಟಿ. ಮಾಲೂರಿನ ಹುಡುಗಿ ಮದುವೆಯಾಗದವಳು, ಅವಳ ಮೇಲೆ ಆಕ್ಷೇಪಣೆ ಇಲ್ಲ.

ಅವರು ಹೇಳಿದ್ದು ಒಂದೊಂದೂ ಸರಿ. ಅದಕ್ಕೇ ನನಗೆ ಅಳು ಬಂತು. ಅಷ್ಟು ಚೆನ್ನಾಗಿ ಬರೆದ ಕಾಗದ, ಅದರಲ್ಲಿ ಚುಚ್ಚುತ್ತಿದ್ದ ಆ ಒಂದೇ ಸಾಲಿನ ಮೇಲೆ ಅವರು ಬೆರಳಿಟ್ಟಿದ್ದರು.

ನಂಗಲಿ ಕಡೆಯಿಂದ ಕೋಲಾರಕ್ಕೆ ಹೋಗುವ ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು. ಅಕ್ಕಯಮ್ಮನವರು ರಸ್ತೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಬೆಂಚಿನ ಮೇಲೆ ಕೂತರು.

"ಕಾಗದ ಪೆನ್ನು ತೊಗೊಂಡು ಬಾ. ನಾನು ನಿನ್ನನ್ನ ಕೇಳಿದ್ದನ್ನೇ ಇವರನ್ನ ಕೇಳ್ತೀನಿ. ಇವರು ಹೇಳಲಿ, ನೀನು ಬರಿ. ಒಂದಕ್ಷರ ತಿದ್ದಬೇಡ, ಸೇರಿಸಬೇಡ. ಬಸ್ಸು ಬರೋ ತನಕ ಟೈಮಿದೆ."

ಓಡಿದೆ. ಮಸಿ ಕುಡಿಕೆ ಸಿಕ್ಕಿತು, ಲೇಖನಿ ಸಿಗಲಿಲ್ಲ. ಲೇಖನಿ ಸಿಕ್ಕಿದಾಗ ಕಾಗದ ಇಲ್ಲ. ಅತ್ತೆ ಕಾಯಿ ಒಡೆಯುವುದನ್ನು ಬಿಟ್ಟು ನನ್ನ ಜೊತೆ ಹುಡುಕಿದರು. ಕೊನೆಗೆ ನನ್ನ ಹಳೆಯ ನೋಟುಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಬಂದು, ಸೋಡಾ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮುಂದೆ ಕೂತೆ. ನನ್ನ ಇಡೀ ಭವಿಷ್ಯ ಎರಡನೇ ಕ್ಲಾಸು ದಾಟದ ಈ ಮನುಷ್ಯನ ಬಾಯಲ್ಲಿ ಇತ್ತು, ಅದೂ ಈ ವಾರ ಒಂದು ಸಲ ನನ್ನನ್ನು ವಿಧವೆ ಮಾಡಿದ ಮನುಷ್ಯನ ಬಾಯಲ್ಲಿ.

ಅಕ್ಕಯಮ್ಮನವರು ಪ್ರಶ್ನೆ ಕೇಳಿದರು. ಇವಳಿಗೆ ಕೋಲಾರದಲ್ಲಿ ಕೆಲಸ ಕೊಟ್ಟರೆ, ನೀವು ಬಾ ಅಂದ ದಿನ ಏನಾಗುತ್ತದೆ?

ಇವರು ಗಂಟಲು ಸರಿಮಾಡಿಕೊಂಡರು. ನಾನು ತಲೆ ಎತ್ತಿ ನೋಡಲಿಲ್ಲ, ಲೇಖನಿಯ ತುದಿಯನ್ನೇ ನೋಡುತ್ತಿದ್ದೆ.

"ನಾನು ಸತ್ತಿಲ್ಲ," ಅಂತ ಶುರು ಮಾಡಿದರು. ಬರೆದೆ. "ಸತ್ತೆ ಅಂತ ಬರೆಸಿದ್ದು ನಾನೇ, ಇವಳಿಗೆ ಗೊತ್ತಿಲ್ಲ. ಇವಳು ಬಾಯಿ ಜೋರು, ಸುಳ್ಳು ಹೇಳೋಳಲ್ಲ." ಬಾಯಿ ಜೋರು ಅನ್ನುವಲ್ಲಿ ನನ್ನ ಕೈ ನಿಂತಿತು. ಅಕ್ಕಯಮ್ಮನವರು ಬರಿ ಅಂದರು. ಬರೆದೆ. "ಇವಳು ತರಬೇತಿಗೆ ಹೋದಾಗ ಮನೆ ಬಿಕೋ ಅಂತಿತ್ತು. ನಾನು ಬಾ ಅನ್ನಲಿಲ್ಲ ನಿಜ. ಅನ್ನಬೇಕು ಅಂತ ವಾರವಾರವೂ ಬಸ್ಸು ಹತ್ತುತ್ತಿದ್ದೆ. ಇವಳು ಪಾಠ ಒಪ್ಪಿಸೋದು ನೋಡಿ ಹಂಗೇ ವಾಪಸ್ ಬರ್ತಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಭಾನುವಾರ ಭಾನುವಾರ ದೊಡ್ಡಮ್ಮನ ಜಗಲಿಯ ಮೇಲೆ ಕೂತು, ಬೇರೆ ಕೆಲಸವಿಲ್ಲದವರ ಹಾಗೆ ನನ್ನ ಪಾಠ ಕೇಳುತ್ತಿದ್ದ ಮನುಷ್ಯ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದು, ಬಾಯಲ್ಲಿಟ್ಟುಕೊಂಡೇ ಹೋಗುತ್ತಿದ್ದರು ಅಂತ ಯಾರು ತಿಳಿದಿದ್ದರು. ಹಾಳೆಯ ಮೇಲಿನ ಅಕ್ಷರ ಮಂಜಾಯಿತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಇವರು ಅವಸರಿಸಿದರು. "ಈ ಸಲ ನಾನು ಬಾ ಅನ್ನೋ ಮಾತೇ ಬರಲ್ಲ. ನಿಮ್ಮ ಸ್ಕೂಲಿಂದ ಮೂರನೇ ಬಾಗಿಲು ಜಾನ್ ಪಾಷಾ ಸಾಬ್ರ ಮಳಿಗೆ, ಖಾಲಿ ಐತೆ. ಮಾತಾಡಿದ್ದೀನಿ. ಹಿಂದುಗಡೆ ಮೂರು ಜನಕ್ಕಾಗೋ ಮನೆ ಐತೆ. ನೀವು ಇವಳನ್ನ ಬಾ ಅನ್ನಿ ಅಮ್ಮಾವ್ರೇ. ನಾವೂ ಬರ್ತೀವಿ."

ಹಿಂದೆ ನಿಂತಿದ್ದ ಅತ್ತೆ, ಮೂರು ಜನ ಅಂದರೆ ಯಾರು ಯಾರು, ನನ್ನನ್ನ ಯಾರು ಕೇಳಿದರು ಅಂತ ಜಗಳ ತೆಗೆದರು. ಅವರ ಮಾತನ್ನೂ ಬರೆಯಬೇಕೇನೋ ಅಂದುಕೊಂಡು ನಾನು ಬರೆಯಲು ಹೊರಟೆ. ಅಕ್ಕಯಮ್ಮನವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು.

ಬಸ್ಸು ಬಂದು ನಿಂತು ಧೂಳೆಬ್ಬಿಸಿತು. ಅವರು ನಿಂತುಕೊಂಡೇ ಮೊದಲಿನಿಂದ ಕೊನೆವರೆಗೆ ಓದಿದರು, ಕಂಡಕ್ಟರು ಕೂಗುತ್ತಿದ್ದರೂ. ಓದಿ, ಹಾಳೆಯನ್ನು ನನ್ನ ಕಾಗದದ ಜೊತೆ ಮಡಿಸಿ ಚೀಲದಲ್ಲಿ ಇಟ್ಟುಕೊಂಡರು. ಗಂಗುಲಪ್ಪನವರ ಕಾಗದವನ್ನು ಇವರ ಕೈಗೆ ಕೊಟ್ಟರು.

"ಇದು ನಮ್ಮ ಶಾಲೆಗೆ ಬಂದಿಲ್ಲ," ಅಂದರು. "ಕಮಿಟಿ ಮುಂದೆ ಎರಡೇ ಕಾಗದ ಇರ್ತವೆ. ನಾನು ಇಟ್ಟ ಕಾಗದವನ್ನ ಅವರು ಇಲ್ಲಿತನಕ ಬೇಡ ಅಂದಿಲ್ಲ." ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಬುಧವಾರದ ಒಳಗೆ ಗಾಡಿ ಗೊತ್ತುಮಾಡಿಕೊಳ್ಳಿ ಅಂದರು.

ಬಸ್ಸು ಕಣ್ಮರೆಯಾಗುವ ತನಕ ನಾನು ರಸ್ತೆಯಲ್ಲೇ ನಿಂತಿದ್ದೆ. ಆಮೇಲೆ ಏನು ಮಾಡಿದೆ ಅಂತ ನನಗೆ ಸರಿಯಾಗಿ ನೆನಪಿಲ್ಲ. ಅಂಗಳದಲ್ಲಿ ಅತ್ತೆಯನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದೆ, ಅವರು ಬೈದರು, ಬೈಯುತ್ತಲೇ ಯಾವ ಯಾವ ಪಾತ್ರೆ ತೆಗೆದುಕೊಂಡು ಹೋಗಬೇಕು ಅಂತ ಕೇಳಿದರು.

ಇವರು ಬೋರಲು ಹಾಕಿದ್ದ ಪೆಟ್ಟಿಗೆಯನ್ನು ನೆಟ್ಟಗೆ ಮಾಡಿ ಬಾಟಲಿ ಜೋಡಿಸುತ್ತಿದ್ದರು. ಎದುರಿಗೆ ಹೋಗಿ ನಿಂತೆ. ಜಾನ್ ಪಾಷಾ ಸಾಬರ ಹತ್ತಿರ ಯಾವಾಗ ಮಾತಾಡಿದಿರಿ ಅಂತ ಕೇಳಿದೆ.

"ಸೋಮವಾರ. ನೀನು ಒಳಗೆ ಹೋದೆಯಲ್ಲ, ಆವಾಗ."

"ನನಗೆ ಯಾಕೆ ಹೇಳಲಿಲ್ಲ?"

"ಹೊರಗೆ ಬಂದಾಗ ನಿನ್ನ ಮುಖ ಸಪ್ಪಗಿತ್ತು. ಕೆಲಸ ಸಿಗದೆ ಹೋದ್ರೆ, ಮನೆ ಬೇರೆ ನೋಡಿದ್ದೆ ಅಂತ ಹೇಳಿ ಇನ್ನೂ ಯಾಕೆ ನೋಯಿಸೋದು ಅಂದ್ಕೊಂಡು ಸುಮ್ಮನಾದೆ ಕಣೇ."